ಲ್ಯಾಪ್‌ಟಾಪ್ ಕೆಟ್ಟಾಗ ‘ಸಿಐಡಿ’ ಅಂದರೆ ಹೆದರಬೇಡಿ

ಹೋದ ಬೇಸಿಗೆಯಲ್ಲಿ ಒಂದು ಸಂಜೆ ಅಕ್ಕನ ಮಗಳು ಬೀದರ್‌ನಿಂದ ಫೋನ್ ಮಾಡಿದಳು. ಅಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. "ಮಾಮಾ, ಲ್ಯಾಪ್‌ಟಾಪ್ ತೆಗೀಲಿಕ್ಕೆ ಹೋದ್ರ ಕಟ್ ಅಂತ ಸಪ್ಪಳಾತು. ಈಗ ಮುಚ್ಚಲಿಕ್ಕೂ ಬರವಲ್ದು" ಎಂದಳು. ಸ್ಕ್ರೀನನ್ನು ಕೀಬೋರ್ಡಿಗೆ ಜೋಡಿಸುವ ಕೀಲು, ಅಂದರೆ ಹಿಂಜ್, ಒಳಗಿನ ಪ್ಲಾಸ್ಟಿಕ್ಕಿನಿಂದ ಕಿತ್ತು ಬಂದಿತ್ತು. ಕೊಂಡು ಹತ್ತೇ ತಿಂಗಳಾಗಿತ್ತು. ವಾರಂಟಿ ಒಂದು ವರ್ಷ. ಹಾಗಾದರೆ ಚಿಂತೆ ಇಲ್ಲ ಅಂದುಕೊಂಡೆವು.

ಆ ಬ್ರಾಂಡಿನ ಸರ್ವಿಸ್ ಸೆಂಟರ್ ಬೀದರ್‌ನಲ್ಲಿ ಇರಲಿಲ್ಲ. ಶನಿವಾರ ಅವಳು ಕಲಬುರಗಿಗೆ ಬಂದಳು, ಇಬ್ಬರೂ ಹೋದೆವು. ಕೌಂಟರಿನ ಹುಡುಗ ಲ್ಯಾಪ್‌ಟಾಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಒಂದು ನಿಮಿಷವೂ ಹಿಡಿಯಲಿಲ್ಲ. "ಸರ್, ಇದು ಸಿಐಡಿ ಬರ್ತದ್ರಿ. ವಾರಂಟಿಯೊಳಗ ಆಗಂಗಿಲ್ಲ. ಒಂಬತ್ತು ಸಾವಿರದ ಮ್ಯಾಲೆ ಹೋಗ್ತದ" ಎಂದ.

ಮನೆಗೆ ಬಂದು ಹೇಳಿದರೆ ನಮ್ಮಕ್ಕ ಗಾಬರಿಯಾದಳು. "ಸಿಐಡಿ ಅಂದ್ರ ಪೊಲೀಸ್ರು ಮನಿಗೆ ಬರ್ತಾರೇನೋ?"

ಪೊಲೀಸರಿಗೂ ಇದಕ್ಕೂ ಸಂಬಂಧ ಇಲ್ಲ. ಸಿಐಡಿ ಅಂದರೆ ಕಸ್ಟಮರ್ ಇಂಡ್ಯೂಸ್ಡ್ ಡ್ಯಾಮೇಜ್, ಗ್ರಾಹಕರೇ ಮಾಡಿಕೊಂಡ ಹಾನಿ. ಸರ್ವಿಸ್ ಸೆಂಟರುಗಳಲ್ಲಿ ದಿನಾ ಓಡಾಡುವ ಮಾತು. ಕೆಳಗೆ ಬಿದ್ದದ್ದು, ಚಹಾ ಚೆಲ್ಲಿದ್ದು, ಗಾಜು ಒಡೆದದ್ದು, ಒಳಗೆ ಇರುವೆ ಹೊಕ್ಕಿದ್ದು, ಎಲ್ಲ ಇದೇ ಖಾತೆಗೆ ಹೋಗುತ್ತವೆ. ಈ ಮೂರಕ್ಷರ ಕೇಳಿದ ಕೂಡಲೇ ಕೆಲವರು ಜೇಬಿಗೆ ಕೈ ಹಾಕುತ್ತಾರೆ. ಇನ್ನು ಕೆಲವರು ಲ್ಯಾಪ್‌ಟಾಪ್ ಎತ್ತಿಕೊಂಡು ಗಲ್ಲಿಯ ರಿಪೇರಿ ಅಂಗಡಿಗೆ ಹೋಗುತ್ತಾರೆ. ಅಲ್ಲಿಗೆ ವಾರಂಟಿಯ ಕತೆ ಮುಗಿಯುತ್ತದೆ. ಆದರೆ ಕೌಂಟರಿನ ಹುಡುಗ ಹೇಳಿದ್ದು ಕಂಪನಿ ಕಡೆಯ ಅಭಿಪ್ರಾಯ, ಅಷ್ಟೇ. ಅದರ ಮೇಲೆ ಕೇಳುವವರು ಇದ್ದಾರೆ.

ವಾರಂಟಿ ಕಾರ್ಡಿನ ಮಾತು, ಕಾನೂನಿನ ಮಾತು

ನಮ್ಮ ಕಡೆ ವಾರಂಟಿಗೂ ಗ್ಯಾರಂಟಿಗೂ ಜಾಸ್ತಿ ಫರಕ್ ಮಾಡುವುದಿಲ್ಲ. ಮಿಕ್ಸರ್ ಕೊಂಡರೂ, ಬೋರಿನ ಮೋಟರ್ ಕೊಂಡರೂ "ಎಷ್ಟು ವರ್ಷ ಗ್ಯಾರಂಟಿ ಅದರಿ?" ಎಂದೇ ಕೇಳುತ್ತೇವೆ. ಅಂಗಡಿಯವರು "ಒಂದು ವರ್ಷ" ಎಂದರೆ, ಒಂದು ವರ್ಷದ ತನಕ ಏನಾದರೂ ಅವರದೇ ಜವಾಬ್ದಾರಿ, ಅಲ್ಲಿಂದಾಚೆ ನಮ್ಮ ನಸೀಬು ಎಂದು ಇಟ್ಟುಕೊಂಡುಬಿಡುತ್ತೇವೆ. ಎರಡೂ ಪೂರ್ತಿ ನಿಜ ಅಲ್ಲ.

ವಾರಂಟಿ ಅನ್ನುವುದು ಕಂಪನಿ ತಾನಾಗಿ ಕೊಡುವ ಮಾತು. ಎಷ್ಟು ದಿನ, ಯಾವ ಭಾಗಕ್ಕೆ, ಯಾವುದಕ್ಕೆ ಇಲ್ಲ, ಇವನ್ನೆಲ್ಲ ಬರೆಯುವವರು ಕಂಪನಿಯವರೇ. ಲ್ಯಾಪ್‌ಟಾಪಿಗೆ ಇಂತಿಷ್ಟು ವರ್ಷ ವಾರಂಟಿ ಕೊಡಲೇಬೇಕು ಎಂಬ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಅದಕ್ಕೇ ಒಂದೇ ಬೆಲೆಯ ಎರಡು ಲ್ಯಾಪ್‌ಟಾಪಿಗೆ ಎರಡು ತರಹದ ವಾರಂಟಿ ಇರುತ್ತದೆ. ಒಂದಕ್ಕೆ ಮನೆಗೇ ಬಂದು ಸರಿಮಾಡುವ ಆನ್‌ಸೈಟ್, ಇನ್ನೊಂದಕ್ಕೆ ನೀವೇ ಹೊತ್ತುಕೊಂಡು ಹೋಗಬೇಕಾದ ಕ್ಯಾರಿ ಇನ್. ಆನ್‌ಸೈಟ್ ಎಂದು ಬರೆದಿದ್ದರೂ ಅದು ಪಿನ್‌ಕೋಡ್ ನೋಡಿಕೊಂಡು ಇರುತ್ತದೆ. ಸುರಪುರದಲ್ಲೋ ಔರಾದ್‌ನಲ್ಲೋ ಇರುವವರು ಕೊಳ್ಳುವ ಮೊದಲೇ "ನಮ್ಮ ಪಿನ್‌ಕೋಡಿಗೆ ಬರ್ತೀರೇನು?" ಎಂದು ಕಂಪನಿಯ ಕಸ್ಟಮರ್ ಕೇರ್‌ಗೆ ಕೇಳುವುದು ಒಳ್ಳೆಯದು. ಅಂಗಡಿಯವರನ್ನು ಕೇಳಿದರೆ ಬರುತ್ತಾರೆ ಅಂತಲೇ ಹೇಳುತ್ತಾರೆ, ಅವರಿಗೆ ಮಾರಬೇಕಲ್ವಾ.

ಇನ್ನೊಂದು ಮಾತು ಕಾನೂನಿನದು. ಇದನ್ನು ಕಂಪನಿ ಬರೆದಿಲ್ಲ, ಅಳಿಸುವುದಕ್ಕೂ ಬರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದು 1986ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು. ದೋಷ ಅಂದರೆ ಏನು ಎಂದು ಅದು ಬಹಳ ಅಗಲವಾಗಿ ಹೇಳುತ್ತದೆ: ವಸ್ತುವಿನ ಗುಣ, ಪ್ರಮಾಣ, ಸಾಮರ್ಥ್ಯ, ಮಟ್ಟ, ಇವುಗಳಲ್ಲಿ ಇರಬೇಕಾದದ್ದಕ್ಕಿಂತ ಕಡಿಮೆ ಇದ್ದರೆ ಅದು ದೋಷ. ಎಷ್ಟಿರಬೇಕು ಎಂಬುದು ಬರೆದ ಮಾತಿನಿಂದಲೂ ಬರಬಹುದು, ಬರೆಯದೇ ಒಪ್ಪಿಕೊಂಡ ಮಾತಿನಿಂದಲೂ ಬರಬಹುದು. ಆ ಬರೆಯದ ಮಾತಿಗೆ ಇನ್ನೂ ಹಳೆಯ ಬೇರು ಇದೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಅಂತಹ ಸರಕನ್ನೇ ಮಾರುವ ವ್ಯಾಪಾರಿ ಮಾರಿದ ವಸ್ತು ಮಾರಾಟಕ್ಕೆ ತಕ್ಕ ಮಟ್ಟದ್ದಾಗಿರಬೇಕು. ಕೊಳ್ಳುವಾಗ ನೋಡಿದರೆ ಕಾಣುವ ದೋಷಕ್ಕೆ ಇದು ಬರುವುದಿಲ್ಲ. ಒಳಗೆ ಅಡಗಿದ್ದಕ್ಕೆ ಬರುತ್ತದೆ.

ಈಗ ಕೀಲಿನ ವಿಷಯಕ್ಕೆ ಬನ್ನಿ. ಕಾರ್ಡಿನಲ್ಲಿ "ಫಿಸಿಕಲ್ ಡ್ಯಾಮೇಜಿಗೆ ವಾರಂಟಿ ಇಲ್ಲ" ಎಂದಿದೆ, ನಿಜ. ಆದರೆ ಮುರಿದದ್ದೆಲ್ಲ ಫಿಸಿಕಲ್ ಡ್ಯಾಮೇಜ್ ಆಗುತ್ತದೆಯೇ? ಲ್ಯಾಪ್‌ಟಾಪ್ ಇರುವುದೇ ದಿನಕ್ಕೆ ಹತ್ತು ಸಲ ತೆಗೆದು ಮುಚ್ಚುವುದಕ್ಕೆ. ಅದನ್ನೇ ಹತ್ತು ತಿಂಗಳು ತಾಳದ ಕೀಲು ದೋಷವಲ್ಲದೆ ಮತ್ತೇನು? ನಮ್ಮ ವಾದ ನಿಂತದ್ದು ಇಲ್ಲಿ.

ವಾರಂಟಿ ಮುಗಿದ ಮೇಲೆ ಹಕ್ಕೂ ಮುಗಿಯಿತೇ ಎಂದು ಬಹಳ ಜನ ಕೇಳುತ್ತಾರೆ. ಪುಕ್ಕಟೆ ರಿಪೇರಿಯ ಮಾತು ಮುಗಿಯುತ್ತದೆ. ದೂರು ಕೊಡುವ ಹಕ್ಕು ಉಳಿಯುತ್ತದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ, ಅಂದರೆ ಗ್ರಾಹಕರ ದೂರು ಕೇಳಿ ತೀರ್ಪು ಕೊಡುವ ಕಡೆಗೆ, ಹೋಗಬಹುದು ಎನ್ನುತ್ತದೆ 2019ರ ಕಾಯ್ದೆಯ 69ನೇ ಸೆಕ್ಷನ್. ಹಾಗಂತ ಸುಲಭ ಅಂದುಕೊಳ್ಳಬೇಡಿ. ಹದಿನೆಂಟನೇ ತಿಂಗಳಿಗೆ ಮದರ್‌ಬೋರ್ಡ್ ಸತ್ತರೆ, ಅದು ಹುಟ್ಟುವಾಗಲೇ ಕೆಟ್ಟಿತ್ತು ಎಂದು ತೋರಿಸುವ ಹೊರೆ ನಿಮ್ಮ ತಲೆಯ ಮೇಲೆ ಬರುತ್ತದೆ. ಅದೇ ತೊಂದರೆಗೆ ವಾರಂಟಿಯೊಳಗೆ ಒಮ್ಮೆ ದೂರು ಕೊಟ್ಟು ಚೀಟಿ ಇಟ್ಟುಕೊಂಡಿದ್ದರೆ ಹೊರೆ ಎಷ್ಟೋ ಹಗುರ. ಹನ್ನೊಂದನೇ ತಿಂಗಳಲ್ಲಿ ಏನಾದರೂ ಚಿಕ್ಕ ಕಿರಿಕಿರಿ ಇದ್ದರೂ ಸುಮ್ನೆ ಇರಬೇಡಿ, ದೂರು ದಾಖಲಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಕಂಪನಿ ಹೇಳುವುದೂ ಸರಿ ಇರುವ ಕಡೆ

ಎಲ್ಲ ಸಲವೂ ಗ್ರಾಹಕರೇ ಸರಿ ಅಂತ ಬರೆದರೆ ನಾನು ಸುಳ್ಳು ಹೇಳಿದಂತೆ. ನೀರು ಬಿದ್ದರೆ ಬಣ್ಣ ಬದಲಿಸುವ ಚಿಕ್ಕ ಸ್ಟಿಕರ್‌ಗಳನ್ನು ಹಲವು ಕಂಪನಿಗಳು ಒಳಗೆ ಅಂಟಿಸಿರುತ್ತವೆ. ಚಹಾ ಚೆಲ್ಲಿ, ಒರೆಸಿ, "ತಾನಾಗೇ ಬಂದ್ ಆತ್ರಿ" ಎಂದರೆ ಬಿಚ್ಚಿದ ಮೇಲೆ ಗೊತ್ತಾಗಿಬಿಡುತ್ತದೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಬೀಳಿಸಿದ್ದು, ಚೆಲ್ಲಿದ್ದು ನಮ್ಮ ಖರ್ಚು. ಅದಕ್ಕೆ ಬೇಕಾದರೆ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ಅಂತ ಬೇರೆಯೇ ಮಾರುತ್ತಾರೆ. ಇರುವ ವಾರಂಟಿಯನ್ನೇ ದುಡ್ಡು ಕೊಟ್ಟು ಉದ್ದ ಮಾಡಿಸುವ ಎಕ್ಸ್‌ಟೆಂಡೆಡ್ ವಾರಂಟಿ ಬೇರೆ, ಇದು ಬೇರೆ. ಅಂಗಡಿಯಲ್ಲಿ ಎರಡನ್ನೂ "ಎರಡು ವರ್ಷ ಫುಲ್ ಕವರ್" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಕಾಗದದ ಮೇಲೆ ಯಾವುದು ಇದೆ, ಕೊಡುವವರು ಲ್ಯಾಪ್‌ಟಾಪ್ ಕಂಪನಿಯವರೋ ಬೇರೆ ಯಾರೋ ಎಂದು ನೋಡಿ.

ಬಿದ್ದು ಮುರಿದದ್ದಕ್ಕೂ ತಾನಾಗಿ ಕಿತ್ತದ್ದಕ್ಕೂ ಗುರುತು ಬೇರೆ ಇರುತ್ತದೆ. ನಮಗೆ ಇದನ್ನು ಹೇಳಿಕೊಟ್ಟವರು ಪರಿಚಯದ ಒಬ್ಬ ರಿಪೇರಿ ಮೆಕ್ಯಾನಿಕ್. ಬಿದ್ದಿದ್ದರೆ ಮೂಲೆಯಲ್ಲಿ ತಗ್ಗು ಇರುತ್ತದೆ, ಗೀರು ಇರುತ್ತದೆ, ಕೆಲವು ಸಲ ಲೋಹದ ಪಟ್ಟಿಯೇ ಬಾಗಿರುತ್ತದೆ. ತಾನಾಗಿ ಕಿತ್ತದ್ದಾದರೆ ಹೊರಮೈ ಶುದ್ಧ. ಒಳಗೆ ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಸಣ್ಣ ಹಿತ್ತಾಳೆ ನಟ್ಟುಗಳು ಕಿತ್ತು ಬಂದಿರುತ್ತವೆ. ಕೀಲು ಬಿಗಿ, ಪ್ಲಾಸ್ಟಿಕ್ ತೆಳು. ದಿನಾ ತೆಗೆದು ಮುಚ್ಚುವಾಗ ಆ ಬಿಗಿಯೆಲ್ಲ ನಟ್ಟು ಕೂತ ಜಾಗದ ಮೇಲೆ ಬೀಳುತ್ತದೆ. ಒಂದು ದಿನ ಕಟ್. ನಮ್ಮ ಹುಡುಗಿಯ ಲ್ಯಾಪ್‌ಟಾಪಿನ ನಾಲ್ಕೂ ಮೂಲೆ ಹೊಸದರಂತೆ ಇದ್ದವು. ಬೆಳಕಿಗೆ ಹಿಡಿದು ಎಂಟು ಹತ್ತು ಫೋಟೊ ತೆಗೆದೆವು. ಸರ್ವಿಸ್ ಸೆಂಟರಿಗೆ ಒಪ್ಪಿಸುವ ಮೊದಲೇ ತೆಗೆಯಬೇಕು. ಆಮೇಲೆ ಬಂದ ಗೀರು ಯಾರದು ಎಂಬ ಜಗಳಕ್ಕೆ ಕೊನೆಯೇ ಇರುವುದಿಲ್ಲ.

ಇಲ್ಲಿ ನಮ್ಮ ಬಿಸಿಲಿನ ಬಗ್ಗೆ ಒಂದು ಮಾತು. ಬಹಳಷ್ಟು ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ 35 ಡಿಗ್ರಿ ಸೆಲ್ಸಿಯಸ್ ತನಕ ಬಳಸಿ ಎಂದು ಬರೆದಿರುತ್ತದೆ. ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ಮುಟ್ಟಿದರೆ ಅದು ಸುದ್ದಿಯೇ ಅಲ್ಲ. ಹಾಗೆ ನೋಡಿದರೆ ಏಸಿ ಇಲ್ಲದ ಮನೆಯಲ್ಲಿ ಯುಗಾದಿಯಿಂದ ಮಳೆಗಾಲದ ತನಕ ಲ್ಯಾಪ್‌ಟಾಪ್ ತೆಗೆಯಲೇಬಾರದು! ಇಲ್ಲಿಯ ಹುಡುಗರಿಗೇ ಮಾರಿ, ಇಲ್ಲಿಯ ಬಿಸಿಲಿಗೆ ಕೆಟ್ಟರೆ ನಮ್ಮದಲ್ಲ ಎನ್ನುವುದು ನನಗಂತೂ ಒಪ್ಪಿಗೆಯಾಗದ ವಾದ. ಆದರೂ ಫ್ಯಾನಿನ ಧೂಳು ತೆಗೆಸಿ, ಹಾಸಿಗೆಯ ಮೇಲೆ ಇಟ್ಟು ಓಡಿಸಬೇಡಿ. ಕರೆಂಟಿನ ಏರಿಳಿತಕ್ಕೂ ಅಷ್ಟೇ. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಎಂದಿದ್ದರೂ, ಸಿಡಿಲು ಮತ್ತು ಹೆಚ್ಚು ವೋಲ್ಟೇಜಿನ ಹೊಡೆತವನ್ನು ಬಹಳ ಕಾರ್ಡುಗಳು ಹೊರಗೇ ಇಟ್ಟಿರುತ್ತವೆ. ಗುಡುಗು ಕೇಳಿದರೆ ಪ್ಲಗ್ ಕಿತ್ತುಬಿಡಿ.

ವಾರಂಟಿ ಇರುವಾಗ ಹೊರಗೆ ಬಿಚ್ಚಿಸಬಹುದೇ? ರ‍್ಯಾಮ್ ಹಾಕಿಸಿದರೆ, ಎಸ್‌ಎಸ್‌ಡಿ ಬದಲಿಸಿದರೆ ಕೆಲವು ಕಂಪನಿಗಳು ತಕರಾರು ಮಾಡುವುದಿಲ್ಲ, ಕೆಲವು ಮಾಡುತ್ತವೆ. ಬಿಚ್ಚಿದ್ದಕ್ಕೂ ಕೆಟ್ಟದ್ದಕ್ಕೂ ಸಂಬಂಧ ಇಲ್ಲ ಎಂದು ವಾದಿಸಬಹುದು. ಆದರೆ ಸುಮ್ನೆ ಅವರ ಕೈಗೆ ನೆಪ ಯಾಕೆ ಕೊಡಬೇಕು? ವಾರಂಟಿ ಮುಗಿಯುವ ತನಕ ಸ್ಕ್ರೂ ಮುಟ್ಟದೇ ಇರುವುದೇ ಜಾಣತನ.

ಚೀಟಿ ಇದ್ದವರು ಗೆದ್ದರು

ಕೌಂಟರಿನ ಹುಡುಗ ಇಲ್ಲ ಎಂದಾಗ ನಾವು ಜಗಳ ಮಾಡಲಿಲ್ಲ. "ಆಯ್ತಪ್ಪ, ಯಾಕೆ ಇಲ್ಲ ಅಂತ ಬರೆದು ಕೊಡು" ಎಂದೆವು. ಅವನ ಮುಖ ಬದಲಾಯಿತು. "ಹಂಗ ಬರದು ಕೊಡಲಿಕ್ಕೆ ಬರಂಗಿಲ್ರಿ" ಎಂದ. ಹಾಗಾದರೆ ಜಾಬ್ ಶೀಟ್ ಮಾಡು ಎಂದೆವು. ಅದಕ್ಕೂ ಹಿಂದೆ ಮುಂದೆ ನೋಡಿದ. ಕೊನೆಗೆ ಮಾಡಿದ.

ಈ ಇಡೀ ವ್ಯವಹಾರದಲ್ಲಿ ಜಾಬ್ ಶೀಟ್‌ಗಿಂತ ದೊಡ್ಡ ಕಾಗದ ಇಲ್ಲ. ನೀವು ಯಾವತ್ತು ಹೋದಿರಿ, ಏನು ದೂರು ಹೇಳಿದಿರಿ, ವಸ್ತು ಯಾವ ಸ್ಥಿತಿಯಲ್ಲಿತ್ತು ಎಂಬುದಕ್ಕೆ ಅವರದೇ ಕೈಬರಹದ ಸಾಕ್ಷಿ ಅದು. ಅದರಲ್ಲಿ ದೂರಿನ ಜಾಗದಲ್ಲಿ ಅವರು "ಹಿಂಜ್ ಬ್ರೋಕನ್" ಎಂದು ಬರೆದಿದ್ದರು. ಮುರಿದಿದೆ ಎಂದರೆ ಯಾರೋ ಮುರಿದರು ಎಂಬ ಅರ್ಥ ಬರುತ್ತದೆ. "ಮಾಮೂಲಿ ಬಳಕೆಯಲ್ಲಿ ಕೀಲು ಒಳಗಿನಿಂದ ಕಿತ್ತಿದೆ, ಬಿದ್ದಿಲ್ಲ, ಹೊರಗೆ ಗೀರಿಲ್ಲ" ಎಂದು ಬರೆಯಲು ಹೇಳಿದೆವು. ಅಕ್ಕನ ಮಗಳು ಸಹಿ ಮಾಡುವ ಮುಂಚೆ ವಸ್ತುವಿನ ಸ್ಥಿತಿಯ ಜಾಗದಲ್ಲಿ ಏನು ಟಿಕ್ ಆಗಿದೆ ಎಂದು ಓದಿದಳು. ಅಲ್ಲಿ "ಡೆಂಟ್" ಎಂದು ಸುಮ್ಮನೆ ಟಿಕ್ ಹಾಕಿದ್ದರು. ಅಳಿಸಿಸಿದಳು. ನಾನಾಗಿದ್ದರೆ ನೋಡುತ್ತಿರಲಿಲ್ಲ, ನಿಜ ಹೇಳಬೇಕೆಂದರೆ.

ಜಾಬ್ ಶೀಟ್ ಕೊಡಲೇ ಇಲ್ಲ ಎಂದಿಟ್ಟುಕೊಳ್ಳಿ. ಹೊರಗೆ ಬಂದು ಅಲ್ಲೇ ನಿಂತು ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಹಾಕಿ. ಇವತ್ತು ಇಷ್ಟು ಗಂಟೆಗೆ ನಿಮ್ಮ ಇಂಥ ಸೆಂಟರಿಗೆ ಬಂದಿದ್ದೆ, ಇಂಥ ಸೀರಿಯಲ್ ನಂಬರಿನ ಲ್ಯಾಪ್‌ಟಾಪ್, ಹೀಗೆ ಹೇಳಿ ವಾಪಸ್ ಕಳಿಸಿದರು, ಕಾರಣವನ್ನು ಬರಹದಲ್ಲಿ ಕೊಡಿ. ನಾಲ್ಕು ಸಾಲು ಸಾಕು. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ, ಇಮೇಲಿಗೆ ತಾರೀಕು ಇರುತ್ತದೆ. ಒಂದೇ ತೊಂದರೆಗೆ ಎರಡು ಮೂರು ಸಲ ಹೋಗಬೇಕಾಗಿ ಬಂದರೆ ಪ್ರತಿ ಸಲವೂ ಹೊಸ ಜಾಬ್ ಶೀಟ್ ಮಾಡಿಸಿ. ಇಷ್ಟು ಸಲ ಕೆಟ್ಟರೆ ಹೊಸದು ಕೊಡಬೇಕು ಎಂಬ ಲೆಕ್ಕ ಕಾನೂನಿನಲ್ಲಿ ಇಲ್ಲ. ಆದರೆ ಒಂದೇ ದೂರಿನ ನಾಲ್ಕು ಶೀಟುಗಳು ಒಂದರ ಮೇಲೊಂದು ಕೂತರೆ, ರಿಪೇರಿಯಿಂದ ಇದು ಆಗುವ ಕೆಲಸ ಅಲ್ಲ ಎಂದು ಓದಿದವರಿಗೆ ತಾನಾಗಿ ತಿಳಿಯುತ್ತದೆ.

ಲ್ಯಾಪ್‌ಟಾಪ್ ಕೊಡುವ ಮೊದಲು ಒಳಗಿನ ಫೈಲು, ಫೋಟೊ ಎಲ್ಲ ಬೇರೆ ಕಡೆ ಇಟ್ಟುಕೊಳ್ಳಿ. ಡೇಟಾ ಹೋದರೆ ಯಾವ ವಾರಂಟಿಯೂ ತಂದುಕೊಡುವುದಿಲ್ಲ. ಪಾಸ್‌ವರ್ಡ್ ಕೊಡುವ ಬದಲು ಗೆಸ್ಟ್ ಖಾತೆ ಮಾಡಿಕೊಡಿ.

ಇನ್ನು ಬಿಲ್ಲು. "ಬಿಲ್ ಬ್ಯಾಡ ಅಂದ್ರ ಕಡಿಮಿ ಮಾಡಿ ಕೊಡ್ತೀನ್ರಿ" ಎಂಬ ಮಾತು ನೀವೂ ಕೇಳಿರುತ್ತೀರಿ. ಲ್ಯಾಪ್‌ಟಾಪಿಗೆ ಜಿಎಸ್‌ಟಿ 18 ಪರ್ಸೆಂಟ್, ಆಸೆ ಆಗುವುದು ಸಹಜ. ಆದರೆ ಕಚ್ಚಾ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರುವುದಿಲ್ಲ. ವಾರಂಟಿ ಯಾವತ್ತಿನಿಂದ ಶುರು ಎಂದು ತೋರಿಸಲು ಬೇರೆ ದಾರಿಯೂ ಇರುವುದಿಲ್ಲ. ಹೊಸ ಲ್ಯಾಪ್‌ಟಾಪ್ ತಂದ ದಿನವೇ ಕಂಪನಿಯ ವೆಬ್‌ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ. ಕೆಲವು ಸಲ ಫ್ಯಾಕ್ಟರಿಯಿಂದ ಹೊರಟ ದಿನದಿಂದಲೇ ಲೆಕ್ಕ ಶುರುವಾಗಿರುತ್ತದೆ. ಮೂರು ತಿಂಗಳು ಅಂಗಡಿಯಲ್ಲಿ ಕೂತಿದ್ದರೆ ಮೂರು ತಿಂಗಳು ನಷ್ಟ. ಪಕ್ಕಾ ಬಿಲ್ ಕಳಿಸಿದರೆ ತಾರೀಕು ಸರಿಮಾಡುತ್ತಾರೆ. ಇನ್ನೊಂದು, ಯಂತ್ರದಲ್ಲಿ ಒತ್ತಿ ಕೊಡುವ ನುಣುಪು ಕಾಗದದ ಬಿಲ್ಲು ನಮ್ಮ ಸೆಕೆಗೆ ಎರಡು ಬೇಸಿಗೆಯಲ್ಲಿ ಬಿಳಿ ಹಾಳೆಯಾಗುತ್ತದೆ. ಅವತ್ತೇ ಫೋಟೊ ತೆಗೆದಿಡಿ. ಬಿಲ್ ಕೊಡದೇ ಇರುವುದನ್ನು 2019ರ ಕಾಯ್ದೆ ಅನ್ಯಾಯದ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಕೆಟ್ಟ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿರುವುದನ್ನೂ ಹಾಗೇ ಕರೆಯುತ್ತದೆ. "ಮಾರಿದ ಮಾಲು ವಾಪಸ್ ಇಲ್ಲ" ಎಂಬ ಬೋರ್ಡು ಕೆಟ್ಟ ಮಾಲಿಗೆ ನಡೆಯುವುದಿಲ್ಲ.

ದುಬೈಯಲ್ಲಿ, ಸೌದಿಯಲ್ಲಿ ಇರುವ ನಮ್ಮವರು ತಂದುಕೊಡುವ ಲ್ಯಾಪ್‌ಟಾಪ್‌ಗಳ ಕತೆ ಬೇರೆ. ಆ ಮಾಡೆಲ್‌ಗೆ ಇಂಡಿಯಾದಲ್ಲಿ ವಾರಂಟಿ ಇದೆಯೇ ಎಂದು ಅಲ್ಲೇ ಕೇಳಿಸಿ. ಅಲ್ಲಿಯ ಅಂಗಡಿಯನ್ನು ಇಲ್ಲಿ ಕೂತು ಹಿಡಿಯುವುದು ಆಗದ ಮಾತು.

ಹೈದರಾಬಾದಿಗೆ ಓಡಬೇಕಿಲ್ಲ

ನಮ್ಮ ಭಾವ ಆ ಲ್ಯಾಪ್‌ಟಾಪ್ ಕೊಂಡದ್ದು ಹೈದರಾಬಾದಿನಲ್ಲಿ. ಬೀದರ್‌ನವರಿಗೆ ಅದು ಪಕ್ಕದ ಊರಿದ್ದಂತೆ. ಕಲಬುರಗಿ, ಯಾದಗಿರಿಯವರೂ ಮದುವೆ ಬಟ್ಟೆಗೆ ಹೋದಂತೆ ಕಂಪ್ಯೂಟರಿಗೂ ಅಲ್ಲಿಗೇ ಹೋಗುತ್ತಾರೆ. 1986ರ ಕಾಯ್ದೆ ಇದ್ದಾಗ ಎದುರು ಪಾರ್ಟಿ ಇರುವ ಊರಲ್ಲಿ, ಇಲ್ಲವೇ ವ್ಯವಹಾರ ನಡೆದ ಊರಲ್ಲಿ ದೂರು ಕೊಡಬೇಕಿತ್ತು. ಬೀದರ್‌ನ ಹುಡುಗಿ ಕೇಸಿಗಾಗಿ ತಿಂಗಳಿಗೊಮ್ಮೆ ಹೈದರಾಬಾದಿಗೆ ಓಡಾಡಿದರೆ ಬಸ್ ಚಾರ್ಜಿನಲ್ಲೇ ಅರ್ಧ ಲ್ಯಾಪ್‌ಟಾಪ್ ಬರುತ್ತಿತ್ತು. ಯಾರೂ ಓಡಾಡುತ್ತಿರಲಿಲ್ಲ. ಹೊಸ ಕಾಯ್ದೆಯ 34ನೇ ಸೆಕ್ಷನ್ ಇದನ್ನು ತಿರುಗಿಸಿತು. ದೂರುದಾರರು ಎಲ್ಲಿ ವಾಸ ಇದ್ದಾರೋ, ಎಲ್ಲಿ ದುಡಿಯುತ್ತಾರೋ ಆ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ನಮ್ಮಂಥ ಊರುಗಳಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ಒಂದು ಸಾಲು.

ಕೊಂಡದ್ದು ಭಾವ, ಬಳಸುವುದು ಮಗಳು. ಅದೂ ತೊಂದರೆ ಇಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ವ್ಯಾಪಾರಕ್ಕೆ ಕೊಂಡದ್ದಾದರೆ ಈ ಕಾಯ್ದೆ ಬರುವುದಿಲ್ಲ. ಹಾಗಾದರೆ ಕೋರ್ಟಿನ ಎದುರು ಡಿಟಿಪಿ ಮಾಡಿಕೊಂಡು, ಸ್ವಂತ ದುಡಿದು ಹೊಟ್ಟೆ ಹೊರೆಯುವವರು? ಸ್ವಂತ ಉದ್ಯೋಗದಿಂದ ಬದುಕು ನಡೆಸಲಿಕ್ಕಷ್ಟೇ ಕೊಂಡಿದ್ದರೆ ಅವರೂ ಗ್ರಾಹಕರೇ. ಕೂಲಿಗೆ ನಾಲ್ಕು ಜನ ಇಟ್ಟುಕೊಂಡು ಹತ್ತು ಲ್ಯಾಪ್‌ಟಾಪ್ ಹಾಕಿದವರಿಗೆ ಕಷ್ಟ.

ಯಾರ ಮೇಲೆ ದೂರು? ಅಂಗಡಿಯವರು ಕಂಪನಿ ಕಡೆ ಕೈ ತೋರಿಸುತ್ತಾರೆ, ಕಂಪನಿ ಸರ್ವಿಸ್ ಸೆಂಟರ್ ಕಡೆ, ಸರ್ವಿಸ್ ಸೆಂಟರಿನವರು "ನಾವು ಬರೀ ಫ್ರಾಂಚೈಸಿ" ಎನ್ನುತ್ತಾರೆ. ಮೂವರನ್ನೂ ಸೇರಿಸಿ. ಯಾರದು ಎಷ್ಟು ಎಂದು ಆಯೋಗ ಬಿಡಿಸುತ್ತದೆ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ಮಾರಾಟದ ತಾಣವನ್ನೂ ಸೇರಿಸಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂತಹ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ತಲುಪಿತು ಎಂದು ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಆಯೋಗದ ಮೆಟ್ಟಿಲು ಹತ್ತುವ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ. ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ. ಕೌಂಟರಿನಲ್ಲಿ ಆಗದ್ದು ಎಷ್ಟೋ ಸಲ ಇಲ್ಲಿ ಆಗುತ್ತದೆ, ಯಾಕೆಂದರೆ ಈ ದೂರು ಕಲಬುರಗಿಯ ಫ್ರಾಂಚೈಸಿಯ ಮೇಜಿಗೆ ಹೋಗದೆ ಕಂಪನಿಯ ದೊಡ್ಡ ಆಫೀಸಿಗೆ ಹೋಗುತ್ತದೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷದ ತನಕ ಇದ್ದರೆ ಜಿಲ್ಲೆಯಲ್ಲೇ ಆಗುತ್ತದೆ, ಲ್ಯಾಪ್‌ಟಾಪಿಗೆ ಅದರಾಚೆ ಹೋಗುವ ಮಾತೇ ಇಲ್ಲ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಸೊನ್ನೆ. ವಕೀಲರು ಬೇಕೇಬೇಕು ಎಂದೂ ಇಲ್ಲ, ನಿಮ್ಮ ಮಾತು ನೀವೇ ಹೇಳಬಹುದು. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್ ಇದೆ, ಮನೆಯಲ್ಲೇ ಕೂತು ದೂರು ಹಾಕಬಹುದು. ಹಾಕುವ ಮೊದಲು ಮೂವರಿಗೂ ಒಂದು ನೋಟಿಸ್ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಹದಿನೈದು ದಿನ ಕಾಯಿರಿ. ಕಾಯ್ದೆ ಇದನ್ನು ಕಡ್ಡಾಯ ಮಾಡಿಲ್ಲ. ಆದರೂ ನೋಟಿಸಿಗೇ ಎಚ್ಚರಾಗುವ ಕಂಪನಿಗಳು ಇವೆ.

ದೂರು ಒಪ್ಪಿಕೊಂಡ ಮೇಲೆ ಎದುರು ಪಾರ್ಟಿಗೆ ನೋಟಿಸ್ ಹೋಗುತ್ತದೆ. ಉತ್ತರ ಕೊಡಲು ಅವರಿಗೆ 30 ದಿನ, ಬೇಕಾದರೆ ಇನ್ನೂ 15 ದಿನ. ಅದರ ಮೇಲೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ದೋಷ ಇದೆಯೋ ಇಲ್ಲವೋ ಎಂಬುದೇ ಜಗಳವಾದರೆ ಆಯೋಗ ವಸ್ತುವನ್ನು ಪರೀಕ್ಷೆಗೆ ಲ್ಯಾಬಿಗೆ ಕಳಿಸಬಹುದು. ಪರೀಕ್ಷೆ ಬೇಡದ ಕೇಸು ಮೂರು ತಿಂಗಳಲ್ಲಿ, ಬೇಕಾದ ಕೇಸು ಐದು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆಯಲ್ಲಿದೆ. ನಿಜದಲ್ಲಿ ಜಾಸ್ತಿ ಹಿಡಿಯುತ್ತದೆ, ಅಷ್ಟು ತಾಳ್ಮೆ ಇಟ್ಟುಕೊಂಡೇ ಹೋಗಿ. ಗೆದ್ದರೆ ಆಯೋಗ ದೋಷ ಸರಿಮಾಡಿಸಬಹುದು, ಹೊಸದು ಕೊಡಿಸಬಹುದು, ಬಡ್ಡಿ ಸಮೇತ ದುಡ್ಡು ವಾಪಸ್ ಕೊಡಿಸಬಹುದು, ಮೇಲೆ ಪರಿಹಾರವನ್ನೂ ಹಾಕಬಹುದು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು, ಇಲ್ಲವೇ 25 ಸಾವಿರದಿಂದ 1 ಲಕ್ಷದ ತನಕ ದಂಡ, ಅಥವಾ ಎರಡೂ. 50 ಸಾವಿರದ ಲ್ಯಾಪ್‌ಟಾಪಿಗೆ ಮನಸ್ಸಿಗೆ ನೋವಾಯಿತೆಂದು 10 ಲಕ್ಷ ಕೇಳುವವರು ಇದ್ದಾರೆ. ಹಾಗೆ ಕೇಳಿದರೆ ನಿಮ್ಮ ನಿಜವಾದ ದೂರೇ ಹಗುರವಾಗುತ್ತದೆ.

ಬ್ಯಾಟರಿ ಉಬ್ಬಿದ್ದರೆ ಮಾತ್ರ ಇಷ್ಟೆಲ್ಲ ಯೋಚನೆ ಮಾಡುತ್ತಾ ಕೂರಬೇಡಿ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಫೋಟೊ ತೆಗೆದು ಅವತ್ತೇ ದೂರು ಕೊಡಿ. ಅದು ಸಿಡಿದು ಯಾರಿಗಾದರೂ ಗಾಯವಾದರೆ, ಮನೆಯ ಬೇರೆ ವಸ್ತು ಸುಟ್ಟರೆ, ಅದಕ್ಕೆ ಕಾಯ್ದೆಯಲ್ಲಿ ಉತ್ಪನ್ನದ ಹೊಣೆ ಎಂಬ ಬೇರೆ ಅಧ್ಯಾಯವೇ ಇದೆ.

ನಮ್ಮ ಕೇಸು ಆಯೋಗದ ತನಕ ಹೋಗಲಿಲ್ಲ. ಜಾಬ್ ಶೀಟ್, ಮೂಲೆಗಳ ಫೋಟೊ, ಬಿಲ್ಲು ಮೂರನ್ನೂ ಸೇರಿಸಿ ಅಕ್ಕನ ಮಗಳು ಕಂಪನಿಗೆ ಇಮೇಲ್ ಹಾಕಿದಳು. ಉತ್ತರ ಬಂತು: ನಿಯಮದ ಪ್ರಕಾರ ಆಗುವುದಿಲ್ಲ. 1915ಕ್ಕೆ ಫೋನ್ ಮಾಡಿದಳು. ಹನ್ನೆರಡು ದಿನ ಕಳೆದ ಮೇಲೆ ಕೌಂಟರಿನ ಹುಡುಗನೇ ಫೋನ್ ಮಾಡಿದ. "ಮೇಡಂ, ಅಪ್ರೂವಲ್ ಬಂದದ್ರಿ, ತಗೊಂಡು ಬರ್ರಿ." ಕೀಲು, ಹಿಂದಿನ ಕವರ್ ಎರಡನ್ನೂ ಪುಕ್ಕಟೆ ಬದಲಿಸಿದರು. ಚೀಟಿಯ ಮೇಲೆ "ಗುಡ್‌ವಿಲ್" ಎಂದು ಬರೆದಿದ್ದರು, ಅಂದರೆ ಕಂಪನಿಯ ದೊಡ್ಡ ಮನಸ್ಸು. ನನಗೆ ನಗು ಬಂತು. ಅವಳು ನಗಲಿಲ್ಲ. ಬದಲಿಸಿದ ಭಾಗಕ್ಕೆ ಕೆಲವು ಕಂಪನಿಗಳು 90 ದಿನ ಅಥವಾ ಉಳಿದ ವಾರಂಟಿ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕೊಡುತ್ತವೆ ಎಂದು ಎಲ್ಲೋ ಓದಿಕೊಂಡು ಬಂದಿದ್ದಳು. ಕೌಂಟರಿನ ಮೇಲೆ ಚೀಟಿ ಇಟ್ಟು ಹುಡುಗನಿಗೆ ಕೇಳಿದಳು, "ಅಣ್ಣಾ, ಈ ಹೊಸ ಕೀಲಿಗೆ ಎಷ್ಟು ದಿನ ವಾರಂಟಿ? ಇಲ್ಲೇ ಬರದುಬಿಡ್ರಿ."